ಕೀ ಆನ್ಸರ್ ಇಲ್ಲದ ಸಾಫ್ಟ್‌ವೇರ್: ಯಾವ ಟೆಸ್ಟ್ ಆರಿಸಬೇಕು?

ಕಲಬುರಗಿಯಲ್ಲಿ ಜನವರಿ ಬಂದರೆ ಎಲ್ಲೆಡೆ ತೊಗರಿ ರಾಶಿಯದೇ ಮಾತು. ಎಕರೆಗೆ ಎಷ್ಟು ಬಂತು, ಎಪಿಎಂಸಿಯಲ್ಲಿ ಇವತ್ತು ದರ ಏನಿದೆ, ನೆಟೆ ರೋಗ ಎಷ್ಟು ಹೊಲ ತಿಂದಿತು. ನಮ್ಮದೊಂದು ಸಣ್ಣ ತಂಡ. ಆ ಮೊದಲನೇ ಪ್ರಶ್ನೆಗೆ ರಾಶಿಗಿಂತ ಮುಂಚೆಯೇ ಉತ್ತರ ಹೇಳುವ ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ. ಮಳೆ, ಮಣ್ಣು, ತಳಿ, ಹೊಲದ ವಿಸ್ತೀರ್ಣ ಕೊಟ್ಟರೆ ಇಳುವರಿಯ ಅಂದಾಜು ಬರುತ್ತದೆ. ಅದನ್ನು ಟೆಸ್ಟ್ ಮಾಡುವುದು ನನ್ನ ಕೆಲಸ.

ಮುಂಚೆ ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಆ್ಯಪ್ ಟೆಸ್ಟ್ ಮಾಡುತ್ತಿದ್ದೆ. ಅಲ್ಲಿ ಒಂದು ಸುಖ ಇತ್ತು. ಖಾತೆಯಲ್ಲಿ 1000 ರೂಪಾಯಿ ಇದೆ, 300 ತೆಗೆದರೆ 700 ಉಳಿಯಬೇಕು. ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಹಾಗಲ್ಲ. ಈ ಹೊಲದಲ್ಲಿ ಎಷ್ಟು ತೊಗರಿ ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿದ್ದರೆ ಸಾಫ್ಟ್‌ವೇರೇ ಬೇಕಿರಲಿಲ್ಲ, ಅಲ್ವಾ? ಈ ತೊಡಕನ್ನು ಎಲೈನ್ ವೇಯುಕರ್ ಎಂಬ ಕಂಪ್ಯೂಟರ್ ವಿಜ್ಞಾನಿ 1982ರಲ್ಲೇ ಬಿಡಿಸಿ ಬರೆದಿದ್ದರು. ಉತ್ತರ ಹುಡುಕುವುದಕ್ಕೆಂದೇ ಬರೆದ ಪ್ರೋಗ್ರಾಮಿಗೆ ಕೀ ಆನ್ಸರ್ ಎಲ್ಲಿಂದ ತರುವುದು? ಹವಾಮಾನದ ಮಾದರಿ, ಜೀನ್ ವಿಶ್ಲೇಷಣೆ, ಎಲೆಯ ಫೋಟೋ ನೋಡಿ ರೋಗ ಹೇಳುವ ಎಐ, ಕ್ವಾಂಟಮ್ ಪ್ರೋಗ್ರಾಮ್, ಎಲ್ಲವೂ ಈ ಜಾತಿಯವೇ.

ಕೀ ಆನ್ಸರ್ ಇಲ್ಲ ಅಂದ ಮಾತ್ರಕ್ಕೆ ಕೈ ಕಟ್ಟಿ ಕೂರಬೇಕಿಲ್ಲ. ಆರು ದಾರಿಗಳಿವೆ. ಪಿಡಿಎ ಕಾಲೇಜಿನಲ್ಲೋ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ, ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲೋ ಇಂಥ ಪ್ರಾಜೆಕ್ಟ್ ಹಿಡಿದವರಿಗೆ ಆರನ್ನೂ ಮಾಡುವಷ್ಟು ಸಮಯ ಇರುವುದಿಲ್ಲ. ಆರಿಸಿಕೊಳ್ಳಬೇಕು. ಯಾವ ದಾರಿ ಯಾವ ತಪ್ಪು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಅಂತ ತೋರಿಸಲು ನಮ್ಮದೇ ಒಂದು ತಪ್ಪನ್ನು ಆರೂ ದಾರಿಯಲ್ಲಿ ಹಾಯಿಸಿ ನೋಡೋಣ.

ಪಾಯಿಂಟ್ ಅಲ್ಲೋ, ಗುಂಟಿ

ಎರಡು ಎಕರೆ ಇಪ್ಪತ್ತು ಗುಂಟೆ ಹೊಲವನ್ನು ನಮ್ಮ ಕಡೆ 2.20 ಅಂತ ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆ. ಅಂದರೆ ಅದು ಎರಡೂವರೆ ಎಕರೆ. ನಮ್ಮ ಪ್ರೋಗ್ರಾಮ್ ಅದನ್ನು ಎರಡು ಪಾಯಿಂಟ್ ಎರಡು ಅಂತ ಓದುತ್ತಿತ್ತು. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ನನಗೂ.

ಆಳಂದ ಕಡೆಯ ಒಂದು ಹೊಲದ ಬದುವಿನ ಮೇಲೆ ಕೂತು ಫೋನ್ ತೋರಿಸಿದಾಗ ರೈತರೊಬ್ಬರು ಕೇಳಿದರು. "ತಮ್ಮಾ, ಎಕರೆಕ್ಕ ಐದು ಕ್ವಿಂಟಲ್ ಅಂತ ನೀನೇ ಹೇಳ್ತಿ. ನಂದು ಎರಡೂವರಿ ಎಕರೆ. ಹನ್ನೊಂದು ಹ್ಯಾಂಗ ಆಯ್ತೋ?"

"ಕಾಕಾ, ನಿಮ್ದು ಎರಡು ಪಾಯಿಂಟ್ ಎರಡು ಅದ ಅಲ್ರಿ."

"ಪಾಯಿಂಟ್ ಅಲ್ಲೋ, ಗುಂಟಿ!"

ಹನ್ನೆರಡೂವರೆ ಬರಬೇಕಿದ್ದ ಕಡೆ ಹನ್ನೊಂದು ಬಂದಿತ್ತು. ಆಮೇಲೆ ಕೂತು ನೋಡಿದರೆ ಇನ್ನೂ ಕೆಟ್ಟದ್ದಿತ್ತು. ಪೂರ್ತಿ ಎಕರೆಗಳ ಹೊಲದವರಿಗೆ ಲೆಕ್ಕ ಸರಿ. ಒಂದು ಎಕರೆಗಿಂತ ಕಡಿಮೆ ಇದ್ದವರಿಗೆ ಬರಬೇಕಾದ್ದರಲ್ಲಿ 40 ಶೇಕಡಾ ಮಾತ್ರ. 20 ಗುಂಟೆ ಅಂದರೆ ಅರ್ಧ ಎಕರೆ, ನಾವು ಓದಿದ್ದು 0.20. ಅಂದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಣ್ಣ ಹೊಲದವರಿಗೇ.

ಬಲ್ಲವರ ಕಣ್ಣು

ಮೊದಲನೇ ದಾರಿ ಎಲ್ಲರಿಗೂ ಗೊತ್ತಿರುವುದೇ. ವಿಷಯ ಬಲ್ಲವರ ಮುಂದೆ ಉತ್ತರ ಇಡುವುದು. ಬೀದರಿನ ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಕೆಲಸಕ್ಕೆ ಬರುತ್ತದೋ ಇಲ್ಲವೋ ಹೇಳುತ್ತಾರೆ. ಅಂಥ ನಾಲಿಗೆ ನಿಮ್ಮ ತಂಡದಲ್ಲಿದ್ದರೆ ಅದೃಷ್ಟ. ಹುಚ್ಚುಚ್ಚು ಉತ್ತರಗಳನ್ನು ಅವರು ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ. ಎಕರೆಗೆ 50 ಕ್ವಿಂಟಲ್ ತೊಗರಿ ಅಂದರೆ ನಕ್ಕುಬಿಡುತ್ತಾರೆ.

ತೊಂದರೆ ಇರುವುದು ನಂಬಬಹುದಾದ ತಪ್ಪಿನಲ್ಲಿ. ನಮ್ಮ ಪಟ್ಟಿಯನ್ನು ಕೃಷಿ ವಿಜ್ಞಾನ ಓದಿದ ಹಿರಿಯರೊಬ್ಬರು ನೋಡಿ ಸರಿ ಅಂದಿದ್ದರು. ಹನ್ನೊಂದು ಕ್ವಿಂಟಲ್ ಯಾರ ಕಣ್ಣಿಗೂ ಚುಚ್ಚುವ ಸಂಖ್ಯೆಯಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಪ್ರೋಟೀನುಗಳ ರಚನೆ ಬಿಡಿಸುತ್ತಿದ್ದ ಅಮೆರಿಕದ ವಿಜ್ಞಾನಿ ಜೆಫ್ರಿ ಚಾಂಗ್ ಅವರ ಗುಂಪು ಬಳಸುತ್ತಿದ್ದ ಒಂದು ಪ್ರೋಗ್ರಾಮ್ ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು. ಹೆಸರಾಂತ ಪತ್ರಿಕೆಗಳ ಪರಿಶೀಲಕರು ಎಲ್ಲ ನೋಡಿ ಒಪ್ಪಿದ್ದರು. ಕೊನೆಗೆ ಐದು ಪ್ರಬಂಧಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ತಪ್ಪು ಗೊತ್ತಾದದ್ದು 2006ರಲ್ಲಿ, ಮೊದಲ ಪ್ರಬಂಧ ಬಂದದ್ದು 2001ರಲ್ಲಿ.

ಬಲ್ಲವರ ಸಮಯ ದುಬಾರಿ. ಅದನ್ನು ಉತ್ತರ ನೋಡಿಸುವುದಕ್ಕೆ ಖರ್ಚು ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಯಾವುದಕ್ಕೆ ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ನಿನ್ನೆಯ ಉತ್ತರದ ಜೊತೆ ಹೋಲಿಕೆ

ಇದು ಎಲ್ಲಕ್ಕಿಂತ ಅಗ್ಗ. ಇವತ್ತಿನ ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ನಾಳೆ ಕೋಡ್ ಬದಲಾದ ಮೇಲೆ ಅದೇ ಬರುತ್ತದಾ ನೋಡಿ. ಯಾರೋ ಎಂದೋ ಬರೆದು ಬಿಟ್ಟುಹೋದ ಕೋಡ್ ಕೈಗೆ ಬಂದಿದ್ದರೆ ಮೊದಲ ದಿನ ಮಾಡಬೇಕಾದ್ದು ಇದೇ.

ಆದರೆ ಇದು ತಪ್ಪನ್ನು ಹಿಡಿಯುವುದಿಲ್ಲ, ಬದಲಾವಣೆಯನ್ನು ಹಿಡಿಯುತ್ತದೆ. ನಮ್ಮ ಹನ್ನೊಂದು ಕ್ವಿಂಟಲನ್ನು ಇದು ದಿನವೂ ಜೋಪಾನವಾಗಿ ಕಾಯ್ದಿತು. ಅಷ್ಟೇ ಅಲ್ಲ, ನಾನು ಗುಂಟೆ ಲೆಕ್ಕ ಸರಿಪಡಿಸಿದ ದಿನ ಇದೇ ಟೆಸ್ಟ್ ಕೆಂಪು ದೀಪ ಹತ್ತಿಸಿ ಬೊಬ್ಬೆ ಹಾಕಿತು!

ಇನ್ನೊಂದು ಕಿರಿಕಿರಿ ಪಾಯಿಂಟಿನ ನಂತರದ ಅಂಕಿಗಳದ್ದು. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ಅವೇ ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಕೂಡಿಸಿದರೆ ಕೊನೆಯ ಅಂಕಿ ಬೇರೆ ಬರಬಹುದು. ಹಾಗಾಗಿ ಎರಡು ಉತ್ತರ ಪಕ್ಕಾ ಒಂದೇ ಆಗಿರಬೇಕು ಅಂತ ಹಟ ಹಿಡಿಯಬಾರದು. ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅಂತ ಮೊದಲೇ ತೀರ್ಮಾನಿಸಿ. ಟೆಸ್ಟ್ ಪಾಸ್ ಆಗಲಿ ಅಂತ ಆಮೇಲೆ ಅದನ್ನು ಹಿಗ್ಗಿಸುತ್ತಾ ಹೋಗುವುದು ಎಲ್ಲರೂ ಮಾಡುವ ಕಳ್ಳಾಟ. ನಾನೂ ಮಾಡಿದ್ದೇನೆ.

ಉತ್ತರ ಗೊತ್ತಿರುವ ಸಣ್ಣ ಲೆಕ್ಕ

ದೊಡ್ಡ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೂ ಸಣ್ಣ ಪ್ರಶ್ನೆಗಳಿಗೆ ಗೊತ್ತಿರುತ್ತದೆ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರು. ಇದನ್ನು ಕಾಗದದ ಮೇಲೆ ಮಾಡಬಹುದು. ಅಂಕಿಅಂಶದ ಲೆಕ್ಕ ಮಾಡುವವರಿಗೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಡೇಟಾ ಮತ್ತು ಖಚಿತ ಉತ್ತರ ಎರಡನ್ನೂ ಪುಕ್ಕಟೆ ಕೊಡುತ್ತದೆ. ನಿಮ್ಮ ರಿಗ್ರೆಷನ್ ಕೋಡನ್ನು, ಅಂದರೆ ಡೇಟಾಗೆ ಹೊಂದುವ ಗೆರೆ ಹುಡುಕುವ ಕೋಡನ್ನು, ಅದರ ಮೇಲೆ ಓಡಿಸಿ ನೋಡಿ. ಸಮೀಕರಣ ಬಿಡಿಸುವ ಸಾಫ್ಟ್‌ವೇರ್ ಬರೆಯುವವರು ಉಲ್ಟಾ ಹೋಗುತ್ತಾರೆ. ಮೊದಲು ಉತ್ತರ ಇಟ್ಟುಕೊಂಡು, ಆ ಉತ್ತರವೇ ಬರುವಂಥ ಪ್ರಶ್ನೆ ಕಟ್ಟುತ್ತಾರೆ. ಚೆನ್ನಾದ ಉಪಾಯ.

ಕೈಲೆಕ್ಕದ ದೋಷ ಏನೆಂದರೆ ನಾವು ಸೋಮಾರಿಗಳು. ಸುಲಭದ ಸಂಖ್ಯೆ ಆರಿಸುತ್ತೇವೆ. ನಾನು ಬರೆದ ಟೆಸ್ಟುಗಳಲ್ಲಿ ಹೊಲಗಳೆಲ್ಲ 1.00, 2.00, 10.00 ಎಕರೆ. ಎಲ್ಲ ಪಾಸ್. ಗುಂಟೆ ಅಡಗಿ ಕೂತಿತ್ತು. ಇನ್ನು ಸಣ್ಣ ಲೆಕ್ಕದಲ್ಲಿ ಬೆಳೆಯುವ ತಪ್ಪು ಕಾಣಿಸುವುದೇ ಇಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯೊಂದು ಬಿಡುವಿಲ್ಲದೆ ಸುಮಾರು 100 ಗಂಟೆ ಓಡಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಅದು ಪೂರ್ತಿ ಕರಾರುವಾಕ್ಕಾಗಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಆ ಚೂರು ತಪ್ಪು ಕೂಡುತ್ತಾ ಕೂಡುತ್ತಾ 0.34 ಸೆಕೆಂಡ್ ಆಯಿತು. ಎದುರಿನ ಕ್ಷಿಪಣಿ ತಪ್ಪಿಹೋಗಿ 28 ಸೈನಿಕರು ಸತ್ತರು. ಹತ್ತು ನಿಮಿಷದ ಟೆಸ್ಟಿನಲ್ಲಿ ಇದು ಸಿಗುತ್ತಿತ್ತಾ?

ಇನ್ನೊಂದು ಪ್ರೋಗ್ರಾಮಿನ ಜೊತೆ ಹೋಲಿಕೆ

ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಬರೆದು, ಉತ್ತರ ತಾಳೆ ನೋಡುವುದು. ಅಂಗಡಿಯಲ್ಲಿ ಇಬ್ಬರು ದುಡ್ಡು ಎಣಿಸಿದ ಹಾಗೆ. 1994ರಲ್ಲಿ ಇಂಟೆಲ್ ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷ ಬಯಲಾದದ್ದು ಹೀಗೆಯೇ. ಗಣಿತದ ಪ್ರೊಫೆಸರ್ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಹೊಸ ಪೆಂಟಿಯಂ ಯಂತ್ರದ ಉತ್ತರ ಹಳೆಯ ಯಂತ್ರಗಳ ಜೊತೆ ತಾಳೆಯಾಗಲಿಲ್ಲ. ಬೆನ್ನು ಹತ್ತಿದರು. ಕೊನೆಗೆ ಇಂಟೆಲ್ 47.5 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು.

ಕೇಳಲು ಚೆಂದ. ಆದರೆ ಇಬ್ಬರೂ ಒಂದೇ ತಪ್ಪು ಮಾಡುವುದಿಲ್ಲ ಅಂತ ಏನು ಖಾತ್ರಿ? ಜಾನ್ ನೈಟ್ ಮತ್ತು ನ್ಯಾನ್ಸಿ ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಒಂದೇ ಪ್ರೋಗ್ರಾಮನ್ನು 27 ಸಲ ಬೇರೆ ಬೇರೆಯಾಗಿ ಬರೆದಿದ್ದರು. ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಅನ್ನುವ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಕಷ್ಟದ ಜಾಗದಲ್ಲಿ ಬಹಳ ಜನ ಒಟ್ಟಿಗೇ ಎಡವಿದ್ದರು.

ನಮ್ಮಲ್ಲೂ ಅದೇ ಆಯಿತು. ನಾನು ಎಕ್ಸೆಲ್‌ನಲ್ಲಿ ಇನ್ನೊಂದು ಸಲ ಲೆಕ್ಕ ಕಟ್ಟಿದೆ. 2.20 ಅಂತ ಟೈಪ್ ಮಾಡಿದರೆ ಎಕ್ಸೆಲ್ ಕೂಡ ಅದನ್ನು ಎರಡು ಪಾಯಿಂಟ್ ಎರಡು ಅಂತಲೇ ತಿಳಿಯುತ್ತದೆ. ಎರಡೂ ಕಡೆ ಹನ್ನೊಂದು. ಖುಷಿಯಿಂದ ಚಹಾ ಕುಡಿಯಲು ಹೋದೆ. ಲೆಕ್ಕ ಎರಡು ಆದರೂ ಡೇಟಾವನ್ನು ಅರ್ಥ ಮಾಡಿಕೊಂಡ ತಲೆ ಒಂದೇ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು ಇಂಥದೇ ಅಳತೆಯ ಗೊಂದಲದಿಂದ. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಲೆಕ್ಕ ಅಂತ ಓದಿತು.

ಹಾಗಾಗಿ ಈ ದಾರಿ ಹಿಡಿಯುವುದಾದರೆ ಎರಡನೇ ಪ್ರೋಗ್ರಾಮ್ ನಿಜವಾಗಿಯೂ ಬೇರೆ ಊರಿನದಾಗಿರಲಿ. ಬೇರೆ ಭಾಷೆ, ಬೇರೆ ಲೈಬ್ರರಿ ಸಾಲದು. ಬೇರೆಯವರು ಡೇಟಾ ಓದಿಕೊಂಡಿರಬೇಕು.

ಉತ್ತರ ಬಿಡಿ, ಸಂಬಂಧ ನೋಡಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಹೆಸರು ಮೆಟಮಾರ್ಫಿಕ್ ಟೆಸ್ಟಿಂಗ್. 1998ರಲ್ಲಿ ಟಿ.ವೈ. ಚೆನ್ ಮತ್ತು ಜೊತೆಗಾರರು ಮುಂದಿಟ್ಟದ್ದು. ಹೆಸರಿಗೆ ಹೆದರಬೇಡಿ. ಒಂದು ಉತ್ತರ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆದರೆ ಎರಡು ಉತ್ತರಗಳ ನಡುವೆ ಏನು ಸಂಬಂಧ ಇರಬೇಕು ಅಂತ ಗೊತ್ತಿದೆ. ಒಂದೇ ಥರದ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ಇಬ್ಬರ ಅಂದಾಜು ಸೇರಿ ಮೊದಲಿನ ಅಂದಾಜೇ ಆಗಬೇಕು. ನಡುವೆ ಬದು ಹಾಕಿದ್ದಕ್ಕೆ ಲೆಕ್ಕದಲ್ಲಿ ತೊಗರಿ ಕಳೆದುಹೋಗಬಾರದು.

ಇದನ್ನು ನಮ್ಮ ತಪ್ಪಿನ ಮೇಲೆ ಓಡಿಸಿ. 2.20 ಹೊಲವನ್ನು ಸಮವಾಗಿ ಹಂಚಿ, 1.10 ಮತ್ತು 1.10. ತಪ್ಪು ಪ್ರೋಗ್ರಾಮಿನಲ್ಲಿ ಐದೂವರೆ, ಐದೂವರೆ. ಒಟ್ಟು ಹನ್ನೊಂದು. ಪಾಸ್! ಅಯ್ಯೋ ಅನ್ನಿಸಿತಲ್ಲವಾ? ಈಗ ಹಂಚಿಕೆ ಬದಲಿಸಿ. ಅಣ್ಣನಿಗೆ 1.30, ತಮ್ಮನಿಗೆ 0.30. ಮೂವತ್ತು ಮೂವತ್ತು ಗುಂಟೆ ಸೇರಿದರೆ ಒಂದು ಎಕರೆ ಇಪ್ಪತ್ತು ಗುಂಟೆ. ಅಣ್ಣನ ಒಂದು ಎಕರೆ ಕೂಡಿಸಿದರೆ ಅದೇ 2.20. ಪ್ರೋಗ್ರಾಮ್ ಹೇಳಿದ್ದು ಆರೂವರೆ ಮತ್ತು ಒಂದೂವರೆ. ಒಟ್ಟು ಎಂಟು. ಹನ್ನೊಂದು ಎಲ್ಲಿ, ಎಂಟು ಎಲ್ಲಿ? ಸಿಕ್ಕಿಬಿತ್ತು. ಸರಿ ಉತ್ತರ ಹನ್ನೆರಡೂವರೆ ಅಂತ ಗೊತ್ತಿರಲೇ ಬೇಕಿಲ್ಲ ನೋಡಿ.

ಸಮ ಹಂಚಿಕೆ ಸಾಲದು, ಗುಂಟೆ 40 ದಾಟುವ ಹಂಚಿಕೆ ಬೇಕು ಅಂತ ಹೊಳೆಯುವುದು ಗುಂಟೆ ಗೊತ್ತಿದ್ದವರಿಗೆ ಮಾತ್ರ. ಆದರೆ ಅದಕ್ಕೂ ಒಂದು ಸಹಾಯ ಇದೆ. ಪೈಥಾನ್‌ನಲ್ಲಿ ಹೈಪಾಥಿಸಿಸ್ ಅನ್ನುವ ಲೈಬ್ರರಿ ಇದೆ. ಹ್ಯಾಸ್ಕೆಲ್ ಭಾಷೆಯಲ್ಲಿ 2000ದಲ್ಲಿ ಬಂದ ಕ್ವಿಕ್‌ಚೆಕ್ ಇದಕ್ಕೆ ಹಿರಿಯಣ್ಣ. ಒಟ್ಟು ಗುಂಟೆಗಳಲ್ಲಿ ನೂರಾರು ಹೊಲ ಹುಟ್ಟಿಸಿ, ಎಲ್ಲೆಂದರಲ್ಲಿ ಎರಡು ಪಾಲು ಮಾಡಿ, ಪಹಣಿಯ ರೀತಿಯಲ್ಲಿ ಬರೆದು ಕೊಡು ಅಂತ ಅದಕ್ಕೆ ಹೇಳಬಹುದು. ಸೋತ ಹಂಚಿಕೆಗಳಲ್ಲಿ ಆದಷ್ಟು ಸಣ್ಣದನ್ನು ಹುಡುಕಿ ಕೈಗಿಡುತ್ತದೆ.

ಇಂಥ ಸಂಬಂಧಗಳು ಎಲ್ಲ ಕ್ಷೇತ್ರದಲ್ಲೂ ಸಿಗುತ್ತವೆ. ನೀರಿನ ಮಾದರಿಯಲ್ಲಿ ಬಿದ್ದ ಮಳೆ, ಹರಿದುಹೋದದ್ದು, ಇಂಗಿದ್ದು, ಆವಿಯಾದದ್ದು, ಮಣ್ಣಿನಲ್ಲಿ ಉಳಿದದ್ದು ಎಲ್ಲ ತಾಳೆಯಾಗಬೇಕು. ಎಲೆಯ ಫೋಟೋವನ್ನು ಸ್ವಲ್ಪ ಮಬ್ಬು ಮಾಡಿದರೆ ರೋಗದ ಹೆಸರು ಬದಲಾಗಬಾರದು.

ಆದರೆ ಸಂಬಂಧವೇ ತಪ್ಪಿದ್ದರೆ? ನಾನು ಬರೆದ ಮೊದಲ ಪಟ್ಟಿಯಲ್ಲಿ "ಮಳೆ ಜಾಸ್ತಿಯಾದರೆ ಇಳುವರಿ ಕಡಿಮೆಯಾಗಬಾರದು" ಅಂತ ಇತ್ತು. ಕೃಷಿಯ ಹಿರಿಯರು ಅದನ್ನು ಓದಿ ನಕ್ಕರು. ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ತೊಗರಿ ಉಳಿಯುತ್ತದಾ ಅಂತ ಕೇಳಿದರು. ಇನ್ನೊಂದು, "ಫೋಟೋ ತಲೆಕೆಳಗು ಮಾಡಿದರೂ ಉತ್ತರ ಒಂದೇ". ಒಂದೇ ಎಲೆಯ ಹತ್ತಿರದ ಫೋಟೋಗೆ ಸರಿ. ಇಡೀ ಗಿಡದ ಫೋಟೋಗೆ ಅಲ್ಲ, ಯಾಕೆಂದರೆ ನೆಟೆ ರೋಗದಲ್ಲಿ ಎಲೆ ಜೋತು ಬೀಳುವುದೇ ಗುರುತು. ಬಲ್ಲವರ ಸಮಯವನ್ನು ಖರ್ಚು ಮಾಡಬೇಕಾದ್ದು ಇಲ್ಲಿ. ಸಾವಿರ ಉತ್ತರ ತೋರಿಸಬೇಡಿ. ಹತ್ತು ಸಂಬಂಧ ಬರೆದು ತೋರಿಸಿ, ಯಾವುದು ಸುಳ್ಳು ಅಂತ ಕೇಳಿ. ಅರ್ಧ ಗಂಟೆಯ ಕೆಲಸ. ಆಮೇಲೆ ಆ ಅರ್ಧ ಗಂಟೆ ದಿನಾ ರಾತ್ರಿ ತಾನೇ ಓಡುತ್ತದೆ.

ಹೊಲಕ್ಕೇ ಹೋಗಿ ನೋಡುವುದು

ಕೊನೆಗೆ ಅಂದಾಜನ್ನು ನಿಜವಾದ ರಾಶಿಯ ಜೊತೆ ಹೋಲಿಸಲೇಬೇಕು. ಇದಕ್ಕೆ ಬದಲಿ ಇಲ್ಲ. ಆದರೆ ತೊಗರಿ ವರ್ಷಕ್ಕೆ ಒಂದು ಸಲ ಬರುತ್ತದೆ. ಜೂನ್‌ನಲ್ಲಿ ಮಾಡಿದ ತಪ್ಪು ಜನವರಿಯಲ್ಲಿ ಗೊತ್ತಾದರೆ ಏನು ಬಂತು?

ಇನ್ನೊಂದು ಮೋಸ ಇದೆ. ಎಕರೆಗೆ ಐದು ಕ್ವಿಂಟಲ್ ಅನ್ನುವುದನ್ನು ನಾವು ಹೊರಗಿನಿಂದ ತಂದಿದ್ದೆವು. ಅದನ್ನೂ ರೈತರ ಹಳೆಯ ರಾಶಿಯ ಲೆಕ್ಕದಿಂದ, ಅದೇ ಕೆಟ್ಟ ಕೋಡಿನಿಂದ ತೆಗೆದಿದ್ದರೆ? ವಿಸ್ತೀರ್ಣ ಕಡಿಮೆ ಓದಿದ್ದರಿಂದ ಎಕರೆಯ ಇಳುವರಿ ಜಾಸ್ತಿ ಕಾಣುತ್ತಿತ್ತು. ಅದನ್ನು ಮತ್ತೆ ಕಡಿಮೆ ಓದಿದ ವಿಸ್ತೀರ್ಣದಿಂದ ಗುಣಿಸಿದರೆ ಊರಿನ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಸರಿ ಬರುತ್ತಿತ್ತು! ಪೂರ್ತಿ ಎಕರೆಯವರಿಗೆ ಜಾಸ್ತಿ, ಗುಂಟೆಯವರಿಗೆ ಕಡಿಮೆ, ಸರಾಸರಿ ಮಾತ್ರ ಸುಂದರ. ಆದ್ದರಿಂದ ಸರಾಸರಿ ನೋಡಿ ಬಿಡಬೇಡಿ. ಸಣ್ಣ ಹೊಲ, ದೊಡ್ಡ ಹೊಲ, ಬೇರೆ ಬೇರೆ ತಾಲ್ಲೂಕು ಅಂತ ಒಡೆದು ನೋಡಿ. ಎಐ ಮಾಡುವವರಿಗೂ ಇದೇ ಮಾತು. ಒಂದೇ ಹೊಲದ ಫೋಟೋಗಳು ಕಲಿಸುವ ಗುಂಪಿನಲ್ಲೂ ಪರೀಕ್ಷೆಯ ಗುಂಪಿನಲ್ಲೂ ಇದ್ದರೆ ಬರುವ 95 ಶೇಕಡಾ ಅಂಕ ಕಾಪಿ ಹೊಡೆದ ಅಂಕ. ಫೋಟೋಗಳನ್ನು ಊರಿನ ಪ್ರಕಾರ ಹಂಚಿ. ಅಂಕ ಕೆಳಗೆ ಬೀಳುತ್ತದೆ. ಆ ಕೆಳಗಿನದೇ ನಿಜ.

ಹಾಗಾದರೆ ಯಾವುದು ಹಿಡಿಯಲಿ?

ಹಳೆಯ ಕೋಡ್ ಕೈಗೆ ಬಂದಿದೆ, ಒಳಗೆ ಏನಿದೆ ಗೊತ್ತಿಲ್ಲ ಅನ್ನುವವರು ನಿನ್ನೆಯ ಉತ್ತರದ ಹೋಲಿಕೆಯಿಂದ ಶುರು ಮಾಡಿ, ಅಲ್ಲಿಗೇ ನಿಲ್ಲಬೇಡಿ. ಗಣಿತದ ಲೆಕ್ಕ ಜಾಸ್ತಿ ಇದ್ದರೆ ಉತ್ತರ ಗೊತ್ತಿರುವ ಲೆಕ್ಕಗಳು ಒಳ್ಳೆಯವು, ಸಂಖ್ಯೆಗಳು ಮಾತ್ರ ವಕ್ರವಾಗಿರಲಿ. ಬೇರೆಯವರು ಬರೆದ, ಜನ ನಂಬುವ ಪ್ರೋಗ್ರಾಮ್ ಪುಕ್ಕಟೆ ಸಿಕ್ಕರೆ ಹೋಲಿಸಿ. ಅದನ್ನು ನೀವೇ ಎರಡನೇ ಸಲ ಬರೆಯಬೇಕು ಅಂದರೆ ಬೇಡ, ಆ ಸಮಯದಲ್ಲಿ ಇಪ್ಪತ್ತು ಸಂಬಂಧ ಬರೆಯಬಹುದು.

ಎಐ ಇದ್ದರೆ ಸಂಬಂಧದ ಪರೀಕ್ಷೆ ಮತ್ತು ಊರು ಒಡೆದ ಹೋಲಿಕೆ, ಎರಡೂ ಬೇಕು. ಉತ್ತರದಲ್ಲಿ ಅದೃಷ್ಟದ ಆಟ ಇದ್ದರೆ, ಅಂದರೆ ಪ್ರತಿ ಸಲ ಬೇರೆ ಸಂಖ್ಯೆ ಬರುವಂತಿದ್ದರೆ, ಒಂದು ಸಲ ಓಡಿಸಿ ತೀರ್ಮಾನ ಮಾಡಬೇಡಿ. ಹಲವು ಸಲ ಓಡಿಸಿ ಹರವು ನೋಡಿ.

ಕ್ವಾಂಟಮ್ ಬಗ್ಗೆ ಕೇಳುವ ವಿದ್ಯಾರ್ಥಿಗಳಿಗೆ ಒಂದೇ ಮಾತು. ನಡುವೆ ಇಣುಕಿ ನೋಡಿದರೆ ಸ್ಥಿತಿಯೇ ಕೆಡುತ್ತದೆ, ಹಾಗಾಗಿ ಪ್ರಿಂಟ್ ಹಾಕಿ ಬಗ್ ಹುಡುಕುವ ಅಭ್ಯಾಸ ನಡೆಯುವುದಿಲ್ಲ. ಸಾಮಾನ್ಯ ಕಂಪ್ಯೂಟರಿನಲ್ಲಿ ನಕಲು ಮಾಡಿ ತಾಳೆ ನೋಡೋಣ ಅಂದರೆ 30 ಕ್ಯೂಬಿಟ್‌ಗೆ (ಕ್ಯೂಬಿಟ್ ಅಂದರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್) ಸುಮಾರು 16 ಜಿಬಿ ಮೆಮೊರಿ ಬೇಕು, ಆಮೇಲೆ ಒಂದೊಂದು ಕ್ಯೂಬಿಟ್‌ಗೂ ಅದು ಎರಡು ಪಟ್ಟು. ಕಾಲೇಜ್ ಲ್ಯಾಬಿನ ಯಂತ್ರ ಅಲ್ಲೇ ಸುಸ್ತಾಗುತ್ತದೆ. ಅದರಾಚೆ ಸಂಬಂಧಗಳೇ ಗತಿ.

ಕೈಯಲ್ಲಿ ಬರೀ ಮೂರು ದಿನ ಇದ್ದರೆ ನಾನು ಏನು ಮಾಡುತ್ತೇನೆ? ಮೊದಲ ದಿನ ಡೇಟಾ ಬರುವ ಜಾಗಕ್ಕೆ ಹೋಗಿ, ಪ್ರತಿ ಸಂಖ್ಯೆಯನ್ನು ಬರೆದವರ ಬಾಯಿಂದಲೇ ಓದಿಸುತ್ತೇನೆ. ಎರಡನೇ ದಿನ ಸಂಬಂಧಗಳನ್ನು ಬರೆದು ಬಲ್ಲವರಿಗೆ ತೋರಿಸುತ್ತೇನೆ. ಮೂರನೇ ದಿನ ಉಳಿದ ಸಂಬಂಧಗಳನ್ನು ಕೋಡ್ ಮಾಡುತ್ತೇನೆ. ಕಲಬುರಗಿಯ ಬೇಸಿಗೆಯಲ್ಲಿ ಕರೆಂಟ್ ಹೋಗದಿದ್ದರೆ.

ನಮ್ಮ ಫಾರ್ಮಿನಲ್ಲಿ ಈಗ ಎಕರೆಗೆ ಒಂದು, ಗುಂಟೆಗೆ ಒಂದು ಅಂತ ಎರಡು ಬಾಕ್ಸ್ ಇವೆ. ಗುಂಟೆಯಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೆ ಒಪ್ಪುವುದಿಲ್ಲ. ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಹೋದ ವಾರ ಯಾದಗಿರಿ ಕಡೆಯ ಒಂದು ಪಹಣಿ ಬಂತು. ಅದರಲ್ಲಿ ಗುಂಟೆಯ ಪಕ್ಕ ಆಣೆಯೂ ತುಂಬಿತ್ತು. 16 ಆಣೆಗೆ ಒಂದು ಗುಂಟೆ. ಮೂರನೇ ಬಾಕ್ಸ್ ಇನ್ನೂ ಆಗಿಲ್ಲ, ಆದರೆ ಪರೀಕ್ಷೆ ಬರೆದಾಗಿದೆ. 12 ಆಣೆಗೆ 8 ಆಣೆ ಸೇರಿದರೆ 1 ಗುಂಟೆ 4 ಆಣೆ. ಸದ್ಯಕ್ಕೆ ಅದು ಕೆಂಪು ತೋರಿಸುತ್ತಿದೆ.